ಶುರು ಮಾಡಿದ ಕೆಲಸ ಮುಗಿಸದ ಮಗ: ನಿಮ್ಮ ಮನೆಯಲ್ಲಿ ಯಾವುದು ಕೈಹಿಡಿಯಿತು?

ಕೇಳಿದವರು: ತುಮಕೂರಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬುದ್ಧಿ ಚುರುಕಾಗಿದೆ. ಆದರೆ "ಹಲ್ಲುಜ್ಜು, ಯೂನಿಫಾರ್ಮ್ ಹಾಕ್ಕೋ, ಬಾಟಲಿಗೆ ನೀರು ತುಂಬಿಸ್ಕೋ" ಅಂದರೆ ಮೊದಲನೆಯದು ಮುಗಿಯುವಷ್ಟರಲ್ಲಿ ಉಳಿದೆರಡು ಮರೆತಿರುತ್ತಾನೆ. ಒಂದು ಕಾಲಿಗೆ ಶೂ ಹಾಕಿಕೊಂಡು ಕಿಟಕಿ ಹೊರಗೆ ನೋಡುತ್ತಾ ಕೂತಿರುತ್ತಾನೆ. ಶಾಲೆಯಲ್ಲಿ "ಎಕ್ಸಿಕ್ಯೂಟಿವ್ ಫಂಕ್ಷನ್ ವೀಕ್ ಇದೆ, ಬ್ರೇನ್ ಟ್ರೈನಿಂಗ್ ಆ್ಯಪ್ ಹಾಕಿಸಿ" ಅಂದರು. ಹೇಳಿದ್ದನ್ನು ನೆನಪಿಟ್ಟು ಕ್ರಮವಾಗಿ ಮಾಡಿ ಮುಗಿಸುವ ಶಕ್ತಿ ಕಮ್ಮಿಯಂತೆ, ಆ್ಯಪಿನ ಆಟಗಳು ಅದನ್ನು ಬೆಳೆಸುತ್ತವಂತೆ. ವರ್ಷದ ಫೀಸು ಕೇಳಿ ಎದೆ ಧಸಕ್ ಅಂತು. ಹಾಕಿಸಬೇಕಾ? ಮನೆಯಲ್ಲೇ ಏನಾದರೂ ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದಿಂದ, ಹದಿನಾಲ್ಕರ ಮಗಳಿರುವ ಅಮ್ಮ

ನಾವು ಹಾಕಿಸಿದ್ದೆವು. ಎಂಟು ತಿಂಗಳು. ಮಗಳು ಆ್ಯಪಿನಲ್ಲಿ ಲೆವೆಲ್ ಮೇಲೆ ಲೆವೆಲ್ ಏರಿದಳು. ಟಿಫಿನ್ ಡಬ್ಬಿ ಮಾತ್ರ ಶಾಲೆಯಲ್ಲೇ ಉಳಿಯುತ್ತಿತ್ತು.

ದುಡ್ಡು ಹೋದ ಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. 2010ರಲ್ಲಿ ಏಡ್ರಿಯನ್ ಓವನ್ ಮತ್ತು ಜೊತೆಗಾರರು 11,430 ಜನರಿಗೆ ಆರು ವಾರ ಕಂಪ್ಯೂಟರಿನಲ್ಲಿ ಇಂಥ ಅಭ್ಯಾಸ ಮಾಡಿಸಿದ್ದರು. 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಅಭ್ಯಾಸ ಮಾಡಿದ ಆಟಗಳಲ್ಲಿ ಜನ ಚುರುಕಾದರು. ಅದಕ್ಕೆ ತೀರಾ ಹತ್ತಿರದ ಬೇರೆ ಪರೀಕ್ಷೆ ಕೊಟ್ಟರೆ ಆ ಚುರುಕು ಅಲ್ಲಿಗೆ ಬರಲಿಲ್ಲ. ಅವರೆಲ್ಲ ದೊಡ್ಡವರು, ನಿಜ. ಆದರೆ 2013ರಲ್ಲಿ ಮೋನಿಕಾ ಮೆಲ್ಬಿ-ಲೆರ್ವೋಗ್ ಮತ್ತು ಚಾರ್ಲ್ಸ್ ಹ್ಯೂಮ್ ಇಂಥ ಅಭ್ಯಾಸದ ಮೇಲಿನ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿ ಮಕ್ಕಳೂ ಇದ್ದರು. ಅಲ್ಲಿಯೂ ಲಾಭ ಸ್ವಲ್ಪ ಕಾಲ ಮಾತ್ರ. ಓದಿಗೆ, ಲೆಕ್ಕಕ್ಕೆ ಅದು ದಾಟಲಿಲ್ಲ.

ಹಾಗಾಗಿ ನನ್ನ ಮಾತು: ಆ ದುಡ್ಡು ಉಳಿಸಿಕೊಳ್ಳಿ. ಡಬ್ಬಿ ತರುವುದು ಕಲಿಯಬೇಕಾದರೆ ಡಬ್ಬಿ ತರುವುದನ್ನೇ ಅಭ್ಯಾಸ ಮಾಡಿಸಬೇಕು. ನಾವು ಅವಳ ಬ್ಯಾಗಿನ ಜಿಪ್ಪಿಗೆ ಡಬ್ಬಿಯದೇ ಬಣ್ಣದ ರಿಬ್ಬನ್ ಕಟ್ಟಿದೆವು. ಬ್ಯಾಗು ಮುಚ್ಚುವಾಗ ಕೈಗೆ ರಿಬ್ಬನ್ ಸಿಗುತ್ತದೆ, ಡಬ್ಬಿ ನೆನಪಾಗುತ್ತದೆ. ಒಂದು ತಿಂಗಳು ಹಿಡಿಯಿತು ಅಷ್ಟೇ.

ಧಾರವಾಡದಿಂದ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ

ತಂಗಿ, ಮೊದಲು "ಎಕ್ಸಿಕ್ಯೂಟಿವ್ ಫಂಕ್ಷನ್" ಅನ್ನುವ ಆ ದೊಡ್ಡ ಹೆಸರಿಗೆ ಹೆದರಬೇಡಿ. ಏಡಲ್ ಡೈಮಂಡ್ ಅಂತ ಒಬ್ಬ ವಿಜ್ಞಾನಿ ಇದ್ದಾರೆ, ಮಕ್ಕಳ ಮಿದುಳಿನ ಈ ಶಕ್ತಿಯನ್ನೇ ಜೀವನವಿಡೀ ಅಭ್ಯಾಸ ಮಾಡಿದವರು. ಅವರ ಲೆಕ್ಕದಲ್ಲಿ ಇದರಲ್ಲಿ ಇರುವುದು ಮುಖ್ಯವಾಗಿ ಮೂರು. ಮಾಡಹೊರಟಿದ್ದನ್ನು ತಡೆದುಕೊಳ್ಳುವುದು. ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಕೆಲಸ ಮಾಡುವುದು. ಸಂದರ್ಭ ಬದಲಾದರೆ ತಾನೂ ದಾರಿ ಬದಲಿಸುವುದು.

ಈ ಮೂರೂ ನಮ್ಮ ಕೆರೆ-ದಡ ಆಟದಲ್ಲಿವೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. "ಕೆರೆ" ಅಂದರೆ ಆಚೆ ಜಿಗಿ, "ದಡ" ಅಂದರೆ ಈಚೆ. ನಾನು "ಕೆರೆ, ದಡ, ಕೆರೆ, ದಡ" ಅಂತ ಒಂದೇ ತಾಳದಲ್ಲಿ ಕೂಗಿ ತಟ್ಟನೆ ಇನ್ನೊಮ್ಮೆ "ದಡ!" ಅನ್ನುತ್ತಿದ್ದೆ. ಆಗ ಮಕ್ಕಳನ್ನು ನೋಡಬೇಕು. ಹಿಮ್ಮಡಿ ಆಗಲೇ ನೆಲ ಬಿಟ್ಟಿರುತ್ತದೆ, ಮೈ ಮುಂದಕ್ಕೆ ಬಾಗಿರುತ್ತದೆ. ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು, ಗೆರೆಯ ಮೇಲೆ ತೂಗಾಡಿ ನಿಲ್ಲುತ್ತಾರೆ. ಆ ತಡೆದುಕೊಂಡ ಕ್ಷಣ ಇದೆಯಲ್ಲ, ಅದೇ ಮೊದಲನೆಯದು. ಮರುದಿನ ನಿಯಮ ತಿರುಗಿಸಿ: "ಕೆರೆ" ಅಂದರೆ ದಡಕ್ಕೆ, "ದಡ" ಅಂದರೆ ಕೆರೆಗೆ. ಅದು ದಾರಿ ಬದಲಿಸುವುದು. ಆಮೇಲೆ "ಹೊಲ" ಅಂದರೆ ಕುಕ್ಕರಗಾಲಲ್ಲಿ ಕೂರಬೇಕು ಅಂತ ಸೇರಿಸಿ. ಈಗ ಮೂರು ಮಾತು ತಲೆಯಲ್ಲಿ ಇರಬೇಕು.

ಮಕ್ಕಳನ್ನು ಅಳೆಯಲು ಸಂಶೋಧಕರೂ ಇದಕ್ಕೆ ಹತ್ತಿರದ್ದನ್ನೇ ಬಳಸುತ್ತಾರೆ. ಅಮೆರಿಕದ ಮೇಗನ್ ಮೆಕ್ಲೆಲಂಡ್ ಅವರ ಪರೀಕ್ಷೆಯಲ್ಲಿ "ತಲೆ ಮುಟ್ಟು" ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು.

ಈ ಆಟ ಆಡಿದರೆ ಬೆಳಿಗ್ಗೆ ಶೂ ತಾನಾಗಿ ಕಾಲಿಗೆ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಮೇಲೆ ಹಾಸನದವರು ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಆದರೆ ಮಗು ಎಲ್ಲಿ ಎಡವುತ್ತದೆ ಅನ್ನುವುದು ಹತ್ತೇ ನಿಮಿಷದಲ್ಲಿ ನಿಮ್ಮ ಕಣ್ಣಿಗೆ ಕಾಣುತ್ತದೆ. ಕೆಲವರಿಗೆ ನಿಯಮ ಗೊತ್ತು, ಮೈ ನಿಲ್ಲುವುದಿಲ್ಲ. ಕೆಲವರು ಚೆನ್ನಾಗಿ ನಿಲ್ಲುತ್ತಾರೆ, ನಿಯಮವೇ ಜಾರಿಹೋಗುತ್ತದೆ. ಇಬ್ಬರಿಗೂ ಒಂದೇ ಮದ್ದು ಕೊಟ್ಟು ಏನು ಪ್ರಯೋಜನ? ನಿಮ್ಮ ಮಗ ಎರಡನೆಯ ಥರ ಇರಬೇಕು ಅನಿಸುತ್ತದೆ. ಹಾಗಿದ್ದರೆ ಒಂದು ಸಲಕ್ಕೆ ಒಂದೇ ಮಾತು ಹೇಳಿ.

ಬೆಂಗಳೂರಿನಿಂದ, ಎಡಿಎಚ್‌ಡಿ ಇರುವ ಹುಡುಗನ ತಂದೆ

ಅಕ್ಕ, ನಿಮ್ಮ ಮಗನಿಗೂ ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ಸ್ಥಿತಿ) ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ತೊಂದರೆ ಮನೆಯಲ್ಲೂ ಶಾಲೆಯಲ್ಲೂ ಆರು ತಿಂಗಳಿಗಿಂತ ಜಾಸ್ತಿ ಕಂಡಿದ್ದರೆ ಒಮ್ಮೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಕಿವಿ, ಕಣ್ಣು, ನಿದ್ದೆ ನೋಡಿ. ನಮಗೆ ಅದನ್ನು ಯಾರೂ ಹೇಳಿರಲಿಲ್ಲ.

ನನಗೆ ಧೈರ್ಯ ಕೊಟ್ಟಿದ್ದು ಒಂದು ಅಧ್ಯಯನ. 2007ರಲ್ಲಿ ಅಮೆರಿಕದ ಫಿಲಿಪ್ ಶಾ ತಂಡ ಎಡಿಎಚ್‌ಡಿ ಇರುವ 223 ಮಕ್ಕಳ, ಇಲ್ಲದ 223 ಮಕ್ಕಳ ಮಿದುಳಿನ ಸ್ಕ್ಯಾನ್ ಹೋಲಿಸಿತು. ಮಿದುಳಿನ ಹೊರಪದರ ಬೆಳೆಯುತ್ತಾ ದಪ್ಪವಾಗಿ ಒಂದು ತುದಿ ಮುಟ್ಟುತ್ತದೆ. ಉಳಿದ ಮಕ್ಕಳಲ್ಲಿ ಅದು ಸುಮಾರು ಏಳೂವರೆ ವರ್ಷಕ್ಕೆ, ಇವರಲ್ಲಿ ಹತ್ತೂವರೆಗೆ. ಧಾರವಾಡದ ಟೀಚರ್ ಹೇಳಿದ ಆ ಮೂರನ್ನೂ ಮುಖ್ಯವಾಗಿ ನೋಡಿಕೊಳ್ಳುವ ಹಣೆಯ ಹಿಂದಿನ ಭಾಗದಲ್ಲಿ ತಡ ಇನ್ನೂ ಎದ್ದು ಕಾಣುತ್ತಿತ್ತು. ಬೆಳೆಯುವ ಕ್ರಮ ಮಾತ್ರ ಅದೇ. ಅವತ್ತು ರಾತ್ರಿ ಮಲಗಿದ್ದ ಮಗನ ಹಣೆ ಮುಟ್ಟಿ ಬಂದೆ. ಅಲ್ಲಿಯವರೆಗೆ "ಇಷ್ಟು ದೊಡ್ಡವನಾದೆ, ಗೊತ್ತಾಗಲ್ವಾ" ಅಂತಲೇ ಬೈಯುತ್ತಿದ್ದೆ.

ಬೈಗುಳದ ಬಗ್ಗೆಯೂ ಹೇಳಲೇಬೇಕು. ಏಮಿ ಆರ್ನ್‌ಸ್ಟನ್ ಅಂತ ಯೇಲ್ ವಿಶ್ವವಿದ್ಯಾಲಯದ ನರವಿಜ್ಞಾನಿ ತೋರಿಸಿದ್ದಾರೆ: ಒತ್ತಡ ಕೈಮೀರಿದಾಗ ಮೊದಲು ಸೋಲುವುದು ಹಣೆಯ ಹಿಂದಿನ ಈ ಭಾಗವೇ. ನಮ್ಮ ಮನೆಯಲ್ಲಿ 7:40ಕ್ಕೆ ವ್ಯಾನಿನ ಹಾರ್ನ್, ನನ್ನ ಕೂಗು, ಅವನ ಕೈ ಅಲ್ಲೇ ನಿಂತುಬಿಡುವುದು. ಸೋಮಾರಿತನ ಅಂದುಕೊಂಡಿದ್ದೆ. ಈಗ ಇಪ್ಪತ್ತು ನಿಮಿಷ ಮುಂಚೆ ಏಳುತ್ತೇವೆ. ಕೂಗುವುದು ಬಿಟ್ಟಿದ್ದೇನೆ. ಅವನ ಔಷಧಿಯೂ ನಡೆಯುತ್ತಿದೆ. ಅದಕ್ಕೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ.

ಮಂಗಳೂರಿನಿಂದ, ಒಬ್ಬ ಕಾಲೇಜು ವಿದ್ಯಾರ್ಥಿ

ನಾನೂ ಅಂಥ ಹುಡುಗನೇ, ಆಂಟಿ. ನನಗೆ ಅನುಕೂಲ ಆಗಿದ್ದು "ಹೀಗಾದ ಕೂಡಲೇ ಹೀಗೆ" ಅಂತ ಮೊದಲೇ ಜೋಡಿಸಿಡುವುದು. "ಬೇಗ ರೆಡಿಯಾಗ್ತೀನಿ" ಅಂದರೆ ಆಗುವುದಿಲ್ಲ. "ಬಚ್ಚಲಿಂದ ಹೊರಗೆ ಬಂದ ಕೂಡಲೇ ಹುಕ್ಕಿನಿಂದ ಅಂಗಿ ತೆಗೀತೀನಿ" ಅಂದರೆ ಆಗುತ್ತದೆ. ಪೀಟರ್ ಗೋಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇದರ ಮೇಲಿನ 94 ಪರೀಕ್ಷೆಗಳನ್ನು ಒಟ್ಟು ಮಾಡಿದಾಗ ಫಲ ಚೆನ್ನಾಗಿಯೇ ಕಂಡಿತ್ತು. ಅಮ್ಮ ರಾತ್ರಿಯೇ ಖಾಲಿ ಬಾಟಲಿಯನ್ನು ನನ್ನ ಶೂ ಮೇಲೆ ಇಡುತ್ತಿದ್ದರು. ಬಾಟಲಿ ಎತ್ತದೆ ಶೂ ಹಾಕಲು ಆಗುತ್ತಿರಲಿಲ್ಲ, ಎತ್ತಿದ ಮೇಲೆ ನೀರು ತುಂಬಿಸುತ್ತಿದ್ದೆ.

ತುಮಕೂರಿನ ತಾಯಿ

ಎಲ್ಲರಿಗೂ ಕೈಮುಗಿದೆ. ನಿನ್ನೆ ಸಂಜೆ ಅಂಗಳದಲ್ಲಿ ಗೆರೆ ಎಳೆದೆವು. ಕೆರೆ, ದಡ ಎರಡೇ ಇದ್ದಾಗ ಒಂದು ಸಲವೂ ತಪ್ಪಲಿಲ್ಲ, "ದಡ ದಡ" ಅಂದರೂ ನಿಂತ. "ಹೊಲ" ಸೇರಿಸಿದ ಕೂಡಲೇ ಸುಮ್ನೆ ನನ್ನ ಮುಖ ನೋಡಿದ. ಟೀಚರ್ ಹೇಳಿದ ಹಾಗೇ! ಆ್ಯಪ್ ಬೇಡ ಅಂತ ಶಾಲೆಗೆ ತಿಳಿಸಿದೆ. ಸೋಮವಾರ ಕಿವಿ, ಕಣ್ಣು ತೋರಿಸುತ್ತೇವೆ. ಟೀಚರ್, "ಹೊಲ" ಅಂದರೇನು ಅಂತ ಪ್ರತಿ ಸಲ ನೆನಪಿಸಬೇಕಾ?

ಧಾರವಾಡದ ಶಿಕ್ಷಕಿ

ಎರಡು ದಿನ ನೆನಪಿಸಿ, ತಂಗಿ. ಆಮೇಲೆ ಅವನೇ ಕೂಗಲಿ, ನೀವು ಜಿಗಿಯಿರಿ. ನಡುವೆ ಬೇಕಂತಲೇ ಒಂದೆರಡು ತಪ್ಪು ಮಾಡಿ, ಅವನು ಹಿಡಿಯುತ್ತಾನಾ ನೋಡಿ.