ಮೀನಿನ ಟ್ಯಾಂಕಲ್ಲಿ ಅಮೋನಿಯ ಸೊನ್ನೆ, ಆದ್ರೂ ಶ್ರಿಂಪ್ (ಸಿಗಡಿ) ಎಲ್ಲ ಹೋದವು. ಈಗ ಮೀನಿನ ಸರದಿ. ಯಾರಾದ್ರೂ ನೋಡಿ ಮಾರಾಯ್ರೆ

ಹಿರಿಯಡ್ಕ_ಗಪ್ಪಿ:
ತಲೆ ಕೆಟ್ಟು ಹೋಗಿದೆ. ಎರಡು ಅಡಿ ಟ್ಯಾಂಕ್, ಒಂದೂವರೆ ವರ್ಷದಿಂದ ಓಡ್ತಾ ಉಂಟು, ಒಂದು ದಿನ ತೊಂದರೆ ಕೊಟ್ಟದ್ದಿಲ್ಲ. ಮೂರು ವಾರದ ಹಿಂದೆ ಚೆರ್ರಿ ಶ್ರಿಂಪ್ ಒಂದೊಂದೇ ಮಗುಚಿ ಬೀಳ್ಲಿಕ್ಕೆ ಶುರುವಾಯ್ತು. ಮೂವತ್ತರ ಮೇಲೆ ಇದ್ದದ್ದು, ಈಗ ಒಂದೂ ಇಲ್ಲ. ಬಸವನಹುಳು ಚಿಪ್ಪಿನೊಳಗೆ ಹೊಕ್ಕು ತಳದಲ್ಲಿ ಬಿದ್ದಿವೆ. ನಿನ್ನೆಯಿಂದ ಗಪ್ಪಿ, ನಿಯಾನ್ ಮೀನೆಲ್ಲ ರೆಕ್ಕೆ ಮಡಚಿಕೊಂಡು ಮೇಲೆ ಬಂದು ಬಾಯಿ ಬಡೀತಾ ಇವೆ. ಮೈಮೇಲೆ ಲೋಳೆ ಲೋಳೆ. ಕಾಳು ಮೂತಿಯ ಎದುರೇ ಬಿದ್ರೂ ಗೊತ್ತಾಗುದಿಲ್ಲ ಅವಕ್ಕೆ.
ಅಮೋನಿಯ 0, ನೈಟ್ರೈಟ್ 0. ನೀರು ಮೊದಲಿನದ್ದೇ, ಎಂತದೂ ಬದಲಾಯಿಸಿಲ್ಲ. ಅಂಗಡಿಯವರು ಬಿಳಿಚುಕ್ಕೆ ರೋಗ ಅಂತ ಒಂದು ನೀಲಿ ಬಾಟ್ಲಿ ಕೊಟ್ರು. ಚುಕ್ಕೆ ಒಂದೂ ಕಾಣ್ತಿಲ್ಲ. ಹಾಕ್ಲಾ ಬೇಡ್ವಾ?

ಕದ್ರಿ_ಪ್ಲಾಂಟೆಡ್:
"ಎಂತದೂ ಬದಲಾಯಿಸಿಲ್ಲ" ಹೇಳುವವರ ಟ್ಯಾಂಕೇ ಮೊದಲು ಸಾಯುದು 😄 ಕಿಟ್ ದ್ರವದ್ದಾ, ಪಟ್ಟಿಯಾ? ಡೇಟ್ ಮುಗಿದಿದೆಯಾ ನೋಡಿ. ಪಿಎಚ್ ಎಷ್ಟು, ಕೆಎಚ್ (ಕಾರ್ಬೊನೇಟ್ ಗಡಸುತನ) ಎಷ್ಟು? ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದಿದ್ರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಹೋಯ್ತು, ಕಥೆ ಮುಗೀತು. ನೂರಕ್ಕೆ ನೂರು ಅಮೋನಿಯವೇ.

ಹಿರಿಯಡ್ಕ_ಗಪ್ಪಿ:
ನಮ್ಮಲ್ಲಿ ನಲ್ಲಿ ನೀರೇ ಇಲ್ಲ, ಬಾವಿ. ಕಿಟ್ ಹೊಸದು, ದ್ರವದ್ದು. ಪಿಎಚ್ 6 ರ ಹತ್ತಿರ. ಕೆಎಚ್ ಒಂದೇ ಹನಿಗೆ ಬಣ್ಣ ತಿರುಗ್ತದೆ, ಅಂದ್ರೆ ತುಂಬ ಕಮ್ಮಿ. ಟಿಡಿಎಸ್ (ನೀರಲ್ಲಿ ಕರಗಿದ ಲವಣ) 45.

ಕದ್ರಿ_ಪ್ಲಾಂಟೆಡ್:
ಪಿಎಚ್ 6 ರಲ್ಲಿ ಅಮೋನಿಯ ಅಮೋನಿಯಂ ಆಗಿ ಕೂತಿರ್ತದೆ, ಅಷ್ಟು ವಿಷ ಅಲ್ಲ ಅನ್ನುದು ಗೊತ್ತು. ಆದ್ರೂ ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ.

ತೋಟದಮನೆ:
ಹಿರಿಯಡ್ಕ ಅಂದ್ರಲ್ಲ, ಬಾವಿಯ ಹತ್ತಿರ ಅಡಿಕೆ ತೋಟ ಉಂಟಾ? ಮೈಲುತುತ್ತು, ಅಂದ್ರೆ ತಾಮ್ರದ ಸಲ್ಫೇಟ್! ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಗಾಳಿಗೆ ಬಾವಿಗೆ ಬಿದ್ದಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಶ್ರಿಂಪ್ ಮೊದಲು, ಬಸವನಹುಳು ಆಮೇಲೆ, ಕೊನೆಗೆ ಮೀನು. ಇದು ತಾಮ್ರದ್ದೇ ಲಕ್ಷಣ, ಬರೆದು ಕೊಡ್ತೇನೆ.

ಸುರತ್ಕಲ್_ಸಿಕ್ಲಿಡ್:
ಸಿಗಡಿಯ ರಕ್ತದಲ್ಲೇ ತಾಮ್ರ ಇರುದು ಸ್ವಾಮಿ, ಅದಕ್ಕೇ ಅದು ನೀಲಿ. ಮತ್ತೆ ತಾಮ್ರದಲ್ಲಿ ಸಾಯುದು ಹೇಗೆ? ನನ್ನ 6 ಅಡಿ ಟ್ಯಾಂಕಿಗೆ ನಾನು ಆರ್‌ಒ ನೀರು ಬಿಟ್ರೆ ಬೇರೆ ಮುಟ್ಟಿಸುದಿಲ್ಲ. ಎರಡು ಕ್ಯಾನಿಸ್ಟರ್ ಫಿಲ್ಟರ್, ಕೆಳಗೆ 100 ಲೀಟರ್ ಸಂಪ್. ನಾಲ್ಕು ವರ್ಷದಲ್ಲಿ ಒಂದು ಮೀನು ಸತ್ತದ್ದು, ಅದೂ ಹಾರಿ ಹೊರಗೆ ಬಿದ್ದು.

ಬಾವಿಕಟ್ಟೆ:
ನಮ್ಮ ರಕ್ತದಲ್ಲಿ ಕಬ್ಬಿಣ ಉಂಟು ಅಂತ ಮೊಳೆ ನುಂಗ್ತೇವಾ? 🙂 ಬೇಕಾದಷ್ಟು ಬೇಕು, ಹೆಚ್ಚಾದ್ರೆ ವಿಷ.
ಗಪ್ಪಿಯವರೇ, ನೀಲಿ ಬಾಟ್ಲಿ ಈಗ ಹಾಕ್ಬೇಡಿ. ಅದರ ಮೇಲೆ ಎಂತ ಬರೆದಿದೆ? ಕೆಲವು ಬಿಳಿಚುಕ್ಕೆ ಔಷಧಿಯಲ್ಲಿ ತಾಮ್ರವೇ ಇರುದು.

ಹಿರಿಯಡ್ಕ_ಗಪ್ಪಿ:
ಮೆಥಿಲೀನ್ ಬ್ಲೂ ಅಂತ ಉಂಟು. ಹಾಕಿಲ್ಲ ಇನ್ನೂ.

ತೋಟದಮನೆ:
ನೋಡಿ, ನೀಲಿ! ಮೈಲುತುತ್ತೇ ಅದು.

ಬಾವಿಕಟ್ಟೆ:
ಅಲ್ಲ ಅಣ್ಣ. ಮೆಥಿಲೀನ್ ಬ್ಲೂ ಬರೀ ಬಣ್ಣ, ಅದರಲ್ಲಿ ತಾಮ್ರದ ಹೆಸರೇ ಇಲ್ಲ. ನೀಲಿ ಇದ್ದದ್ದೆಲ್ಲ ಮೈಲುತುತ್ತು ಆದ್ರೆ ಬಟ್ಟೆಗೆ ಹಾಕುವ ನೀಲಿಯನ್ನೂ ತೋಟಕ್ಕೆ ಹೊಡೆಯಬಹುದಿತ್ತು.

ತೋಟದಮನೆ:
ತಮಾಷೆ ಸಾಕು. ಪಕ್ಕದ ತೋಟಕ್ಕೆ ಯಾವಾಗ ಹೊಡೆದದ್ದು ಕೇಳಿ ಮೊದಲು.

ಹಿರಿಯಡ್ಕ_ಗಪ್ಪಿ:
ತೋಟ ಉಂಟು, ಬಾವಿಯಿಂದ ನಲವತ್ತು ಹೆಜ್ಜೆ. ಮಳೆಗೆ ಮುಂಚೆ ಒಮ್ಮೆ, ಆಟಿಯಲ್ಲಿ (ಜುಲೈ-ಆಗಸ್ಟಲ್ಲಿ) ಒಮ್ಮೆ ಹೊಡೆದ್ರು. ಮಳೆ ಬಿಡ್ಲೇ ಇಲ್ಲ ಅಂತ ಮೂರನೇ ಸಲವೂ ಹೊಡೆದ ನೆನಪು.

ತೋಟದಮನೆ:
ಮುಗೀತು. ಕೇಸ್ ಬಂದ್. ಬಾವಿಗೆ ಬಲೆ ಹಾಕಿ, ನೀರೆಲ್ಲ ಪಂಪ್ ಮಾಡಿ ಖಾಲಿ ಮಾಡಿ.

ಕದ್ರಿ_ಪ್ಲಾಂಟೆಡ್:
ಬೋರ್ಡೋಗೆ ಸುಣ್ಣ ಹಾಕುದೇ ತಾಮ್ರವನ್ನು ಗಟ್ಟಿ ಕೂರಿಸ್ಲಿಕ್ಕೆ. ಸೋಗೆ, ಗೊನೆಗೆ ಅಂಟಿಕೊಳ್ತದೆ, ಕೆಳಗೆ ಬಿದ್ದದ್ದನ್ನು ಮಣ್ಣು ಹಿಡಿದಿಡ್ತದೆ. ಅಷ್ಟು ಸುಲಭಕ್ಕೆ ಬಾವಿಗೆ ಇಳಿಯುದಿಲ್ಲ. ಮತ್ತೆ ಆಟಿಯಲ್ಲಿ ಹೊಡೆದದ್ದಕ್ಕೆ ಈಗ ಸಾಯುದೆಂತದು?

ತೋಟದಮನೆ:
ನೀವು ಕದ್ರಿಯ ಫ್ಲ್ಯಾಟಲ್ಲಿ ಕೂತು ಮಣ್ಣಿನ ವಿಷಯ ಹೇಳ್ಬೇಡಿ. ಮೂವತ್ತು ವರ್ಷ ದೋಟಿ ಹಿಡಿದವ ನಾನು. ಚಾಕುವನ್ನು ದ್ರಾವಣದಲ್ಲಿ ಅದ್ದಿ, ಕೆಂಪು ಹಿಡಿದ್ರೆ ಸುಣ್ಣ ಕಮ್ಮಿ ಅಂತ ಲೆಕ್ಕ. ಗಪ್ಪಿಯವರೇ, ಬಾವಿ ನೀರಲ್ಲೂ ಒಂದು ಚಾಕು ಇಟ್ಟು ನೋಡಿ.

ಬಾವಿಕಟ್ಟೆ:
ಚಾಕು ಕೆಂಪಾಗುವಷ್ಟು ತಾಮ್ರ ಬಾವಿಯಲ್ಲಿ ಇದ್ದಿದ್ರೆ ಮೀನಿನ ಮೊದಲು ಮನೆಯವರು ವಾಂತಿ ಮಾಡ್ತಿದ್ರು. ಮೀನಿಗೆ ತೊಂದರೆ ಮಾಡುವ ಪ್ರಮಾಣ ಅದಕ್ಕಿಂತ ಎಷ್ಟೋ ಕಮ್ಮಿ. ತಾಮ್ರದ ಕಿಟ್ ತಂದು ಅಳೆಯಿರಿ. ಬಾವಿ ಬೇರೆ, ಟ್ಯಾಂಕ್ ಬೇರೆ.
ತೋಟದಮನೆ ಅಣ್ಣ ತಾಮ್ರ ಅಂದದ್ದನ್ನು ನಾನು ತೆಗೆದುಹಾಕುದಿಲ್ಲ. ಲೋಳೆ, ಏದುಸಿರು, ಆಹಾರದ ವಾಸನೆ ಹತ್ತದೆ ಇರುದು, ಮೂರೂ ಅದಕ್ಕೆ ಹೊಂದ್ತದೆ. ತಾಮ್ರ ಕಿವಿರಿನಲ್ಲಿ ಸೋಡಿಯಂ ಒಳಗೆ ಹೋಗುವ ದಾರಿಗೇ ಅಡ್ಡ ಕೂರುದು. ಸಿಹಿನೀರಿನ ಮೀನು ಯಾವಾಗಲೂ ನೀರಿನಿಂದ ಉಪ್ಪು ಎಳೆದುಕೊಂಡೇ ಬದುಕುದು. ಆ ದಾರಿ ಮುಚ್ಚಿದ್ರೆ ರಕ್ತದ ಉಪ್ಪು ಸೋರಿ ಹೋಗ್ತದೆ. ಮೂಗಿನ ನರಕ್ಕೆ ಪೆಟ್ಟಾಗ್ಲಿಕ್ಕೆ ಇನ್ನೂ ಕಮ್ಮಿ ಸಾಕು. ಗಡಸು ನೀರಲ್ಲಾದ್ರೆ ಕ್ಯಾಲ್ಸಿಯಂ ಅಡ್ಡ ನಿಂತು ಕಿವಿರನ್ನು ಸ್ವಲ್ಪ ಕಾಯ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಯಲ್ಲಿ ಕ್ಯಾಲ್ಸಿಯಂ ಎಲ್ಲಿ ಉಂಟು? ಟಿಡಿಎಸ್ 45 ಅಂದ್ರೆ ಹೆಚ್ಚುಕಮ್ಮಿ ಮಳೆನೀರೇ.

ಸುರತ್ಕಲ್_ಸಿಕ್ಲಿಡ್:
ಅದಕ್ಕೇ ನಾನು ಆರ್‌ಒ ನೀರಿಗೆ ಖನಿಜ ಸೇರಿಸಿ ಹಾಕುದು. ಹೊಸ ಲೈಟ್ ತಂದೆ, ಫೋಟೋ ಹಾಕ್ತೇನೆ.

ಕದ್ರಿ_ಪ್ಲಾಂಟೆಡ್:
ಬೇಡ.

ಹಿರಿಯಡ್ಕ_ಗಪ್ಪಿ:
ಮಂಗಳೂರಿಗೆ ಹೋಗಿ ಕಿಟ್ ತಂದೆ. ಬಾವಿ ನೀರು: 0. ಟ್ಯಾಂಕ್: 0.25! ಎರಡೆರಡು ಸಲ ನೋಡಿದೆ. ಬೆಳಿಗ್ಗೆ ಇನ್ನೂ ಎರಡು ನಿಯಾನ್ ಹೋದವು.

ತೋಟದಮನೆ:
ಕಿಟ್ ಸರಿ ಇಲ್ಲ. ಬಾವಿಯ ಮೇಲಿನ ನೀರು ತೆಗೆದ್ರಾ, ತಳದ್ದಾ?

ಬಾವಿಕಟ್ಟೆ:
ಅದೇ ಕಿಟ್ ಟ್ಯಾಂಕಲ್ಲಿ ತಾಮ್ರ ತೋರಿಸಿದೆಯಲ್ಲ ಅಣ್ಣ. ಬಾವಿಯಲ್ಲಿ ಇಲ್ಲ, ಟ್ಯಾಂಕಲ್ಲಿ ಉಂಟು, ಅಂದ್ರೆ ನಡುವೆ ಎಲ್ಲೋ ಸೇರಿದೆ.
ಗಪ್ಪಿಯವರೇ, ನೀರು ಬಾವಿಯಿಂದ ಟ್ಯಾಂಕಿಗೆ ಬರುವ ದಾರಿ ಹೇಳಿ. ಯಾವ ಪೈಪು, ಯಾವ ಬಕೆಟ್, ಎಂತದ್ದೂ ಬಿಡ್ಬೇಡಿ.

ಹಿರಿಯಡ್ಕ_ಗಪ್ಪಿ:
ಪೈಪು ಪಿವಿಸಿ. ಪ್ಲಾಸ್ಟಿಕ್ ಬಕೆಟ್, ಮೀನಿಗೆ ಅಂತಲೇ ಇಟ್ಟದ್ದು, ಸಾಬೂನು ತಾಗಿಸುದಿಲ್ಲ. ಪ್ರತಿ ಆದಿತ್ಯವಾರ ಬೆಳಿಗ್ಗೆ 15 ಲೀಟರ್ ತೆಗೆದು 15 ಹಾಕುದು. ತಣ್ಣೀರು ಒಮ್ಮೆಲೇ ಬಿದ್ರೆ ಬಿಳಿಚುಕ್ಕೆ ಬರ್ತದಲ್ಲ, ಹಾಗಾಗಿ 10 ಲೀಟರ್ ಬಾವಿಯದ್ದು, 5 ಲೀಟರ್ ಬಚ್ಚಲಿಂದ ಬಿಸಿ. ಅಷ್ಟೇ.

ಕದ್ರಿ_ಪ್ಲಾಂಟೆಡ್:
ಬಚ್ಚಲಿಂದ ಅಂದ್ರೆ? ಗೀಸರಾ?

ಹಿರಿಯಡ್ಕ_ಗಪ್ಪಿ:
ಇಲ್ಲ ಇಲ್ಲ, ಹಂಡೆ. ಅದೂ ಬಾವಿ ನೀರೇ.

ಬಾವಿಕಟ್ಟೆ:
ಯಾವ ಹಂಡೆ?

ಹಿರಿಯಡ್ಕ_ಗಪ್ಪಿ:
ಅಯ್ಯೋ ದೇವರೇ.
ಮೊದಲು ಅಲ್ಯುಮಿನಿಯಂದು ಇತ್ತು. ತಂಗಿಗೆ ಮೊನ್ನೆ ಮೊದಲ ದೀಪಾವಳಿ, ಭಾವ ಬರ್ತಾರೆ ಅಂತ ಅಮ್ಮ ಅಟ್ಟದಿಂದ ಅಜ್ಜಿಯ ಕಾಲದ ತಾಮ್ರದ ಹಂಡೆ ಇಳಿಸಿದ್ರು. ನೀರು ತುಂಬುವ ದಿನ ಒಳಗೂ ಹೊರಗೂ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡಿ, ಹಿಂಡ್ಲೆ ಬಳ್ಳಿ ಸುತ್ತಿದ್ದು. ಹಬ್ಬ ಮುಗಿದ ಮೇಲೆ ಅದನ್ನೇ ಒಲೆಯ ಮೇಲೆ ಬಿಟ್ರು. ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ಬೆಂಕಿ. ದೀಪಾವಳಿ ಕಳೆದು ಮೂರು ಆದಿತ್ಯವಾರ ಆಯ್ತು.

ಕದ್ರಿ_ಪ್ಲಾಂಟೆಡ್:
"ಎಂತದೂ ಬದಲಾಯಿಸಿಲ್ಲ" 🙏

ಹಿರಿಯಡ್ಕ_ಗಪ್ಪಿ:
ಹಂಡೆಯ ನೀರು ಅಳೆದೆ. ಬಣ್ಣ 2 ರ ಗುರುತಿಗೆ ಸರಿಯಾಗಿ ಕೂತಿತು.

ಬಾವಿಕಟ್ಟೆ:
ಲೆಕ್ಕ ನೋಡಿ. ಲೀಟರಿಗೆ 2 ಮಿಲಿಗ್ರಾಂ, 5 ಲೀಟರಲ್ಲಿ 10 ಮಿಲಿಗ್ರಾಂ. ನಿಮ್ಮ ಟ್ಯಾಂಕಲ್ಲಿ ನೀರು 60 ಲೀಟರ್ ಅಂತ ಹಿಡಿದ್ರೆ ಒಂದು ಆದಿತ್ಯವಾರಕ್ಕೆ 0.16. ಇಂಥ ಮೃದು ನೀರಲ್ಲಿ ಸೂಕ್ಷ್ಮ ಮೀನಿಗೆ 0.1 ಕ್ಕೇ ಜೀವ ಹೋಗಬಹುದು, ಶ್ರಿಂಪಿಗೆ ಅಷ್ಟೂ ಬೇಡ. ಪಿಎಚ್ 6 ರ ಹುಳಿ ನೀರು, ಆಗಷ್ಟೇ ತಿಕ್ಕಿದ ಬರೀ ತಾಮ್ರ, ರಾತ್ರಿಯಿಡೀ ನಿಂತದ್ದು, ಮೇಲಿಂದ ಬಿಸಿ. ಕರಗದೆ ಎಂತ ಮಾಡ್ತದೆ?

ತೋಟದಮನೆ:
ಹಾಗಾದ್ರೆ ಮೂರು ವಾರಕ್ಕೆ 0.38 ಆಗ್ಬೇಕಿತ್ತು, ಪ್ರತಿ ವಾರ ಕಾಲುಭಾಗ ತೆಗೆದದ್ದನ್ನು ಕಳೆದೇ ಹೇಳ್ತಿದ್ದೇನೆ. 0.25 ಹೇಗೆ? ಲೆಕ್ಕ ನನಗೂ ಬರ್ತದೆ.

ಬಾವಿಕಟ್ಟೆ:
ಲೆಕ್ಕ ಸರಿಯೇ. ಉಳಿದದ್ದನ್ನು ಗಿಡ, ತಳದ ಕೊಳೆ, ಫಿಲ್ಟರ್ ಹಿಡಿದುಕೊಂಡಿವೆ. ನೀರು ಶುದ್ಧ ಆದ ಮೇಲೆ ಅದು ಮೆಲ್ಲ ವಾಪಸ್ ಬಿಡಬಹುದು. ಹಾಗಾಗಿ ತಳದ ಕೊಳೆ ಎಳೆದು ತೆಗೆಯಿರಿ.
ಈಗ ದಿನಾ ಕಾಲುಭಾಗ ನೀರು ಬದಲಾಯಿಸಿ, ಬರೀ ಬಾವಿಯದ್ದು. ಬಕೆಟಲ್ಲಿ ಒಂದು ರಾತ್ರಿ ಒಳಗೆ ಇಟ್ರೆ ಬಿಸಿನೀರು ಬೇಕಾಗುದಿಲ್ಲ. ಫಿಲ್ಟರಿಗೆ ಹೊಸ ಇದ್ದಿಲು ಹಾಕಿ. ತಾಮ್ರ ಹೀರುವ ಕ್ಯುಪ್ರಿಸಾರ್ಬ್ ಸಿಕ್ಕಿದ್ರೆ ಇನ್ನೂ ಒಳ್ಳೆದು. ಕ್ಲೋರಿನ್ ತೆಗೆಯುವ ಹರಳನ್ನು ನಂಬಿ ಕೂರ್ಬೇಡಿ, ಅದು ಇರುದು ಕ್ಲೋರಿನ್ನಿಗೆ. ಬಾದಾಮಿ ಮರದ ಒಣ ಎಲೆ ಒಂದೆರಡು ಹಾಕಿ, ಅದರ ಕಂದು ರಸ ತಾಮ್ರವನ್ನು ಸ್ವಲ್ಪ ಕಟ್ಟಿಹಾಕ್ತದೆ. ಗಡಸುತನಕ್ಕೆ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಚಿಪ್ಪು ತೊಳೆದು ಫಿಲ್ಟರಲ್ಲಿ ಇಡಿ.

ಹಿರಿಯಡ್ಕ_ಗಪ್ಪಿ:
ನಮ್ಮದು ಸಸ್ಯಾಹಾರಿ ಮನೆ ಅಕ್ಕ, ಮರುವಾಯಿ ಚಿಪ್ಪು ತಂದ್ರೆ ನನ್ನನ್ನೇ ಹೊರಗೆ ಹಾಕಿಯಾರು.

ಸುರತ್ಕಲ್_ಸಿಕ್ಲಿಡ್:
ನಮ್ಮಲ್ಲಿ ಬನ್ನಿ, ಸುಕ್ಕ ನಾನು ತಿನ್ತೇನೆ, ಚಿಪ್ಪು ನೀವು ಒಯ್ಯಿರಿ.

ಹಿರಿಯಡ್ಕ_ಗಪ್ಪಿ:
ಅಮ್ಮ ಕೇಳ್ತಿದ್ದಾರೆ: ತಾಮ್ರದ ಚೊಂಬಿನ ನೀರು ಆರೋಗ್ಯಕ್ಕೆ ಒಳ್ಳೆದು ಅಂತಾರೆ, ಮೀನಿಗೆ ಮಾತ್ರ ವಿಷ ಹೇಗೆ? ಹಂಡೆ ಸ್ನಾನಕ್ಕೆ ಆಗ್ತದಾ?

ಬಾವಿಕಟ್ಟೆ:
ಸ್ನಾನಕ್ಕೆ ಧಾರಾಳ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಅಂತ ಉಂಟು, ಬೇರೆ ನೀರು ಇಲ್ಲದಿದ್ರೆ 1.5 ರ ವರೆಗೆ. ಹಂಡೆಯದ್ದು 2, ಹಾಗಾಗಿ ಕುಡಿಯುದು ಬೇಡ. ನಾವು ನೀರನ್ನು ಹೊಟ್ಟೆಗೆ ಕುಡಿಯುದು, ಹೆಚ್ಚಾದದ್ದನ್ನು ಯಕೃತ್ತು ಹೊರಗೆ ಹಾಕ್ತದೆ. ಮೀನು ಅದರಲ್ಲೇ ಉಸಿರಾಡುದು.

ತೋಟದಮನೆ:
ತಾಮ್ರ ಅಂತ ಮೊದಲು ಹೇಳಿದ್ದು ಯಾರು? ಅದನ್ನು ಯಾರೂ ಹೇಳುದಿಲ್ಲ.

ಕದ್ರಿ_ಪ್ಲಾಂಟೆಡ್:
ನೀವೇ ಅಣ್ಣ. ಬಾವಿ ಖಾಲಿ ಮಾಡ್ಲಿಕ್ಕೆ ಹೇಳಿದ್ದೂ ನೀವೇ.

ಹಿರಿಯಡ್ಕ_ಗಪ್ಪಿ:
ಹತ್ತು ದಿನ ಆಯ್ತು. ಏಳು ಗಪ್ಪಿ, ಮೂರು ನಿಯಾನ್ ಉಳಿದಿವೆ. ಕಾಳು ಬಿದ್ದ ಕೂಡ್ಲೇ ಓಡಿ ಬರ್ತವೆ ಈಗ. ಬಸವನಹುಳು ಒಂದು ಇವತ್ತು ಗಾಜು ಹತ್ತಿದೆ. ಕಿಟ್ 0 ತೋರಿಸ್ತಾ ಉಂಟು. ಶ್ರಿಂಪ್ ಹಾಕ್ಬಹುದಾ?

ಬಾವಿಕಟ್ಟೆ:
ನಿಮ್ಮ ಕಿಟ್ಟಿನ ಕಡಿಮೆಯ ಗುರುತೇ 0.25. ಅದರ ಕೆಳಗೆ ಎಷ್ಟಿದ್ರೂ 0 ಅಂತಲೇ ತೋರಿಸುದು. ಇನ್ನೊಂದು ತಿಂಗಳು ಬಿಡಿ, ಆಮೇಲೆ ಎರಡೇ ಎರಡು ಹಾಕಿ ನೋಡಿ.

ಸುರತ್ಕಲ್_ಸಿಕ್ಲಿಡ್:
ನನ್ನಲ್ಲಿ ಚೆರ್ರಿ ಉಂಟು, ಒಂದಕ್ಕೆ 20 ರೂಪಾಯಿ. ಆರ್‌ಒ ನೀರಲ್ಲೇ ಬೆಳೆದದ್ದು.

ಕದ್ರಿ_ಪ್ಲಾಂಟೆಡ್:
ಮಾರಾಟಕ್ಕೆ ಬೇರೆ ವಿಭಾಗ ಉಂಟು ಮಾರಾಯ್ರೆ.