ಚಿಕ್ಕಮ್ಮನ ಅಲವೆನ್ಸ್ ಬಗ್ಗೆ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಬಿಡುತ್ತೇನೆ. ಉದ್ದ ಆಗುತ್ತದೆ, ಬೈಕೋಬೇಡ. ಇಂಗ್ಲೆಂಡಿನಲ್ಲಿರುವ ಮಿಕ್ಕವರೂ ಕೇಳಿಸಿಕೊಳ್ಳಿ, ಮನೆಯಲ್ಲಿ ವಯಸ್ಸಾದವರು ಎಲ್ಲರಿಗೂ ಇದ್ದಾರೆ.

ನೀನು ಹೇಳಿದ್ದು ಇಷ್ಟು ಅಲ್ವಾ? ಚಿಕ್ಕಮ್ಮನಿಗೆ, ಅಂದರೆ ನಿಮ್ಮಮ್ಮನಿಗೆ, ಪಾರ್ಕಿನ್ಸನ್ ಜಾಸ್ತಿಯಾಗಿದೆ. ನಿನ್ನ ಹೆಂಡತಿ ಕೆಲಸ ಅರ್ಧಕ್ಕೆ ಇಳಿಸಿಕೊಂಡು ನೋಡಿಕೊಳ್ಳುತ್ತಿದ್ದಾಳೆ. ನೋಡಿಕೊಳ್ಳುವವರಿಗೆ ಇಲ್ಲಿನ ಸರ್ಕಾರ ಕೊಡುವ ಕೇರರ್ಸ್ ಅಲವೆನ್ಸ್‌ಗೆ ಅರ್ಜಿ ಹಾಕಿದಳು, ಆಗುವುದಿಲ್ಲ ಅಂತ ಕಾಗದ ಬಂತು. "ನಮ್ಮಂಥವರಿಗೆ ಇದೆಲ್ಲ ಸಿಗಲ್ಲ ಬಿಡಕ್ಕ" ಅಂತ ಕೊನೆಗೆ ಬರೆದಿದ್ದೀಯ.

ಸಿಗುತ್ತದೆ ಕಣೋ. ಆದರೆ ಮೊದಲು ಕೇಳಬೇಕಾದದ್ದು ಚಿಕ್ಕಮ್ಮನ ಹೆಸರಿನಲ್ಲಿ, ನಿನ್ನ ಹೆಂಡತಿಯ ಹೆಸರಿನಲ್ಲಿ ಅಲ್ಲ. ಕೇರರ್ಸ್ ಅಲವೆನ್ಸ್ ಒಂದೇ ತಾನಾಗಿ ಸಿಗುವಂಥದ್ದಲ್ಲ. ನೋಡಿಕೊಳ್ಳುವವರಿಗೆ ಹಣ ಬರಬೇಕಾದರೆ, ನೋಡಿಸಿಕೊಳ್ಳುವವರಿಗೆ ಅಟೆಂಡೆನ್ಸ್ ಅಲವೆನ್ಸ್ ಥರದ್ದು ಒಂದು ಮಂಜೂರಾಗಿರಬೇಕು. ಚಿಕ್ಕಮ್ಮನಿಗೆ ಏನೂ ಬರುತ್ತಿಲ್ಲ, ಹಾಗಾಗಿ ಇವಳ ಅರ್ಜಿ ಬಿತ್ತು. ಅಷ್ಟೇ ವಿಷಯ.

ಈ ಅಟೆಂಡೆನ್ಸ್ ಅಲವೆನ್ಸ್ ಅಂದರೆ ಪೆನ್ಷನ್ ವಯಸ್ಸು ದಾಟಿ, ಕಾಯಿಲೆಯಿಂದ ಇನ್ನೊಬ್ಬರ ಸಹಾಯ ಬೇಕಾದವರಿಗೆ ಸರ್ಕಾರ ಕೊಡುವ ಹಣ. "ಮಗ ಐಟಿಯಲ್ಲಿದ್ದಾನೆ, ಸ್ವಂತ ಮನೆ ಇದೆ, ನಮಗ್ಯಾಕೆ ಕೊಡುತ್ತಾರೆ" ಅನ್ನುವುದನ್ನು ತಲೆಯಿಂದ ತೆಗೆದುಹಾಕು. ನಿನ್ನ ಸಂಬಳ ಕೇಳುವುದಿಲ್ಲ, ಚಿಕ್ಕಮ್ಮನ ಬ್ಯಾಂಕಿನಲ್ಲಿ ಎಷ್ಟಿದೆ ಅಂತಲೂ ನೋಡುವುದಿಲ್ಲ. ಬಂದ ದುಡ್ಡಿಗೆ ಟ್ಯಾಕ್ಸೂ ಇಲ್ಲ. 2025-26ರ ದರದಲ್ಲಿ ವಾರಕ್ಕೆ 73.90 ಪೌಂಡ್, ಹಗಲೂ ರಾತ್ರಿ ಎರಡೂ ಹೊತ್ತು ಸಹಾಯ ಬೇಕಿದ್ದರೆ 110.40. ಪ್ರತಿ ಏಪ್ರಿಲ್‌ನಲ್ಲಿ ದರ ಬದಲಾಗುತ್ತದೆ. ಮೇಲಿನ ದರ ಸಿಕ್ಕರೆ ವರ್ಷಕ್ಕೆ 5,700 ಪೌಂಡ್ ದಾಟುತ್ತದೆ. ಸಹಾಯ ಬೇಕಾಗಿ 6 ತಿಂಗಳಾಗಿರಬೇಕು ಅಂತ ಒಂದು ನಿಯಮ ಇದೆ, ನಿಮಗೆ ಅದು ಯಾವಾಗಲೋ ಆಗಿದೆ.

ಈಗ ಫಾರಂ ವಿಷಯ. ಜನ ಸೋಲುವುದೇ ಇಲ್ಲಿ. ದಯವಿಟ್ಟು ಚಿಕ್ಕಮ್ಮನ ಮುಂದೆ ಕೂತು "ನಿಮಗೆ ಏನೇನು ಕಷ್ಟ ಆಗುತ್ತೆ" ಅಂತ ಕೇಳಿಕೊಂಡು ಬರೆಯಬೇಡ. "ನನಗೇನು ಧಾಡಿ, ಎಲ್ಲಾ ನಾನೇ ಮಾಡ್ಕೋತೀನಿ" ಅನ್ನುತ್ತಾರೆ. ನಮ್ಮ ಅತ್ತೆಯವರೂ ಹಾಗೇ. ಸೀರೆ ನಾನೇ ಉಡುತ್ತೇನೆ ಅಂದರು. ಸರಿ, ನೆರಿಗೆ ಹಿಡಿದುಕೊಡುವವರು ಯಾರು? ಭುಜದ ಮೇಲೆ ಪಿನ್ ಹಾಕುವವರು ಯಾರು? ಬಗ್ಗಿ ಅಂಚು ಸರಿ ಮಾಡುವಾಗ ಬೀಳದ ಹಾಗೆ ತೋಳು ಹಿಡಿದಿರುವವರು ಯಾರು? ಮೂರಕ್ಕೂ ನಾನೇ. ಅವರ ಲೆಕ್ಕದಲ್ಲಿ ಅದು ಸಹಾಯವೇ ಅಲ್ಲ, ಸೊಸೆ ಪಕ್ಕದಲ್ಲಿ ಇದ್ದಳು ಅಷ್ಟೇ. ನಾವೂ ಅದನ್ನು ಸಹಾಯ ಅಂತ ಎಣಿಸುವುದಿಲ್ಲ. ಅಮ್ಮನಿಗೆ ಮಾಡುವುದನ್ನು ಯಾರು ಎಣಿಸುತ್ತಾರೆ? ಆದರೆ ಫಾರಂ ಓದುವವರಿಗೆ ನಿಮ್ಮ ಮನೆ ಕಾಣಿಸುವುದಿಲ್ಲ. ಬರೆದದ್ದು ಇದೆ, ಬರೆಯದೇ ಇದ್ದದ್ದು ಇಲ್ಲ.

ಅದಕ್ಕೇ ಹೇಳುವುದು, ಒಂದು ವಾರ ನಿನ್ನ ಹೆಂಡತಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಲು ಎಷ್ಟು ಹೊತ್ತು ಹಿಡಿಯಿತು. ಸ್ನಾನದಲ್ಲಿ ಬೆನ್ನು, ಕಾಲು ಯಾರು ತೊಳೆದರು. ಮಾತ್ರೆ ಶೀಟಿನಿಂದ ಬಿಡಿಸಿ ಕೈಗೆ ಕೊಡಬೇಕಾ, ನುಂಗಿದರಾ ಅಂತ ನಿಂತು ನೋಡಬೇಕಾ. ಕೈ ನಡುಗಿ ಚಮಚದಿಂದ ಸಾರು ಚೆಲ್ಲುತ್ತದಾ. ರಾತ್ರಿ ಬಾತ್‌ರೂಮಿಗೆ ಎಷ್ಟು ಸಲ ಎದ್ದರು, ಯಾರು ಕೈ ಹಿಡಿದು ಕರೆದುಕೊಂಡು ಹೋದರು, ಮತ್ತೆ ಮಲಗಿಸಲು ಎಷ್ಟು ನಿಮಿಷ. ಈ ರಾತ್ರಿಯದ್ದು ಬಹಳ ಮುಖ್ಯ. ಮತ್ತೆ ಮತ್ತೆ ಏಳಬೇಕಾ, ಎದ್ದರೆ ಬಹಳ ಹೊತ್ತು ಜೊತೆಗಿರಬೇಕಾ ಅನ್ನುವುದರ ಮೇಲೆ ಮೇಲಿನ ದರ ನಿಂತಿರುತ್ತದೆ. ಬಾಯಲ್ಲಿ ಹೇಳಿ ನೆನಪಿಸುವುದು, ಬೀಳುತ್ತಾರೇನೋ ಅಂತ ಕಣ್ಣಿಟ್ಟಿರುವುದು, ಇವೂ ಲೆಕ್ಕಕ್ಕೆ ಬರುತ್ತವೆ. ಅಡುಗೆ, ಮನೆ ಗುಡಿಸುವುದು, ಅಂಗಡಿಗೆ ಹೋಗುವುದು ಬರುವುದಿಲ್ಲ. ಇಡೀ ಪುಟ ಅಡುಗೆ ಬಗ್ಗೆ ಬರೆದು ಸುಮ್ನೆ ಜಾಗ ಹಾಳು ಮಾಡಬೇಡ. ತಟ್ಟೆಯಲ್ಲಿರುವುದನ್ನು ತುಂಡು ಮಾಡಿ ಬಾಯಿಗೆ ಕೊಡಬೇಕು ಅನ್ನುವುದನ್ನು ಬರೆ.

ಪಾರ್ಕಿನ್ಸನ್‌ನಲ್ಲಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ವಾರದಲ್ಲಿ ಕೆಟ್ಟ ದಿನ ಎಷ್ಟು, ಅವತ್ತು ಏನಾಗುತ್ತದೆ ಅಂತ ಹಾಗೇ ಬರೆ. ಉಪ್ಪುಖಾರ ಹಚ್ಚುವುದು ಬೇಡ. ಇರುವುದನ್ನು ಮುಚ್ಚಿಡಲೂ ಬೇಡ. ಇನ್ನೊಂದು, ಅವರು ಕೇಳುವುದು "ಯಾವ ಸಹಾಯ ಬೇಕು" ಅಂತ. ಯಾರೂ ಮಾಡದಿದ್ದರೂ ಬೇಕಾಗಿರುವುದು ಬೇಕಾಗಿರುವುದೇ. ಒಂಟಿಯಾಗಿರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಫಾರಂ ಪ್ರಿಂಟ್ ತೆಗೆದು ನಿಧಾನಕ್ಕೆ ಕಳಿಸೋಣ ಅಂತ ಕೂರಬೇಡ. ಅಟೆಂಡೆನ್ಸ್ ಅಲವೆನ್ಸ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ತರಿಸಿಕೋ. 6 ವಾರದೊಳಗೆ ತುಂಬಿ ಕಳಿಸಿದರೆ, ಫೋನ್ ಮಾಡಿದ ದಿನದಿಂದಲೇ ದುಡ್ಡು ಲೆಕ್ಕ ಹಾಕುತ್ತಾರೆ. ಹಿಂದಿನ ತಿಂಗಳುಗಳದ್ದು ಕೊಡುವುದಿಲ್ಲ, ಹಾಗಾಗಿ ಕಾದಷ್ಟೂ ನಷ್ಟ ನಿಮಗೇ. ತುಂಬಲು ಕಷ್ಟವಾದರೆ ಏಜ್ ಯುಕೆ, ಸಿಟಿಜನ್ಸ್ ಅಡ್ವೈಸ್ ಅನ್ನುವ ಸಂಸ್ಥೆಗಳಿವೆ, ಇಬ್ಬರೂ ಪುಕ್ಕಟೆ ಸಹಾಯ ಮಾಡುತ್ತಾರೆ.

ಚಿಕ್ಕಮ್ಮನದ್ದು ಮಂಜೂರಾದ ಕಾಗದ ಬಂತು ಅಂದುಕೋ. ಆವಾಗ ನಿನ್ನ ಹೆಂಡತಿ ಮತ್ತೆ ಹಾಕಲಿ. ಆ ತೀರ್ಮಾನ ಬಂದ 3 ತಿಂಗಳೊಳಗೆ ಹಾಕಿದರೆ, ಚಿಕ್ಕಮ್ಮನಿಗೆ ಶುರುವಾದ ದಿನದಿಂದಲೇ ಇವಳಿಗೂ ಕೊಡಬಹುದು. 2025-26ರ ದರದಲ್ಲಿ ವಾರಕ್ಕೆ 83.30 ಪೌಂಡ್. ವಾರಕ್ಕೆ 35 ಗಂಟೆ ನೋಡಿಕೊಳ್ಳುತ್ತಿರಬೇಕು, ಅವಳ ಸಂಬಳ ಒಂದು ಮಿತಿ ಮೀರಬಾರದು, 2025-26ರಲ್ಲಿ ಅದು ವಾರಕ್ಕೆ 196 ಪೌಂಡ್. ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್‌ಗೆ ಕಟ್ಟುವುದರ ಅರ್ಧ, ಇಷ್ಟು ಕಳೆದು ಉಳಿದದ್ದು 196. ಒಂದು ಪೌಂಡ್ ಹೆಚ್ಚಾದರೂ ಆ ಒಂದು ಪೌಂಡ್ ಕಡಿತವಾಗುವುದಲ್ಲ, ಇಡೀ ಅಲವೆನ್ಸೇ ಹೋಗುತ್ತದೆ. ಇದು ಕೆಟ್ಟ ನಿಯಮ ಅಂತಲೇ ನನ್ನ ಅಭಿಪ್ರಾಯ. ಓವರ್‌ಟೈಮ್, ಬೋನಸ್ ಬಂದದ್ದನ್ನು ಹೇಳದೆ ಆಮೇಲೆ ಸಾವಿರಾರು ಪೌಂಡ್ ವಾಪಸ್ ಕಟ್ಟಿದವರು ಈ ದೇಶದಲ್ಲಿ ತುಂಬ ಜನ ಇದ್ದಾರೆ. ಅವಳ ಸಂಬಳದ ಚೀಟಿ ತಿಂಗಳು ತಿಂಗಳು ನೋಡಿ, ಬದಲಾದರೆ ಅವತ್ತೇ ತಿಳಿಸಿ. ಒಬ್ಬರನ್ನು ನೋಡಿಕೊಳ್ಳುವುದಕ್ಕೆ ಒಬ್ಬರಿಗೆ ಮಾತ್ರ ಈ ಹಣ. ನಿಮ್ಮಣ್ಣ ವಾರಾಂತ್ಯ ಬಂದು ನೋಡಿಕೊಳ್ಳುತ್ತಾನೆ ಅಂತ ಅವನೂ ಹಾಕುವ ಹಾಗಿಲ್ಲ.

ಮ್ಯಾಂಚೆಸ್ಟರಿನ ಅಣ್ಣಾ, ಈ ಭಾಗ ನಿನಗೆ. ನಿಮ್ಮ ಮಾವನವರು ಒಬ್ಬರೇ ಇದ್ದಾರೆ, ಆದಾಯ ಕಡಿಮೆ ಇರುವ ಹಿರಿಯರಿಗೆ ಕೊಡುವ ಪೆನ್ಷನ್ ಕ್ರೆಡಿಟ್ ಬರುತ್ತಿದೆ. ಅಟೆಂಡೆನ್ಸ್ ಅಲವೆನ್ಸ್ ಇರುವ, ಒಂಟಿಯಾಗಿರುವ ಹಿರಿಯರಿಗೆ ಪೆನ್ಷನ್ ಕ್ರೆಡಿಟ್‌ನಲ್ಲಿ ಹೆಚ್ಚುವರಿ ಹಣ ಸೇರುತ್ತದೆ, 2025-26ರ ದರದಲ್ಲಿ ವಾರಕ್ಕೆ 82.90 ಪೌಂಡ್. ಅವರನ್ನು ನೋಡಿಕೊಳ್ಳುವುದಕ್ಕೆ ಅತ್ತಿಗೆ ಕೇರರ್ಸ್ ಅಲವೆನ್ಸ್ ತೆಗೆದುಕೊಂಡರೆ ಮಾವನವರ ಆ 82.90 ನಿಲ್ಲುತ್ತದೆ. ಮನೆಗೆ ಒಟ್ಟು ಲಾಭ ವಾರಕ್ಕೆ 40 ಪೆನ್ಸ್, ಅದರ ಮೇಲೆ ಅತ್ತಿಗೆಯ ಹಣಕ್ಕೆ ಟ್ಯಾಕ್ಸ್ ಲೆಕ್ಕ ಬೇರೆ. ಮೊದಲು ಸಲಹೆ ಕೇಳಿ ಆಮೇಲೆ ಹಾಕಿ. ತಮ್ಮಾ, ಚಿಕ್ಕಮ್ಮ ನಿಮ್ಮ ಜೊತೆಗೇ ಇರುವುದರಿಂದ ನಿಮಗೆ ಸಾಮಾನ್ಯವಾಗಿ ಈ ತಲೆನೋವು ಬರುವುದಿಲ್ಲ.

ವೀಸಾ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಹುಷಾರು. ವೀಸಾದಲ್ಲಿ ಸರ್ಕಾರದ ಸಹಾಯಧನ ಪಡೆಯುವಂತಿಲ್ಲ ಅಂತ ಇದ್ದರೆ ಇದೂ ಅದರಲ್ಲಿ ಸೇರಿದೆ, ಇಮಿಗ್ರೇಷನ್ ತಿಳಿದವರನ್ನು ಕೇಳದೆ ಮುಟ್ಟಬೇಡಿ. ಹಾಗೆ ಇಲ್ಲದಿದ್ದರೂ ಹಿಂದಿನ 3 ವರ್ಷದಲ್ಲಿ 2 ವರ್ಷವಾದರೂ ಇಲ್ಲಿ ಇದ್ದಿರಬೇಕು. ಚಳಿಗಾಲ ಪೂರ್ತಿ ಊರಲ್ಲಿ ಕಳೆಯುವ ಹಿರಿಯರಿಗೂ ಒಂದು ಮಾತು, 13 ವಾರದವರೆಗೆ ಹೋಗಿಬಂದರೆ ಅಟೆಂಡೆನ್ಸ್ ಅಲವೆನ್ಸ್ ನಿಲ್ಲುವುದಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಕಷ್ಟ. ಟಿಕೆಟ್ ತೆಗೆಯುವ ಮೊದಲೇ ದಿನ ಎಣಿಸಿ. ಸ್ಕಾಟ್ಲೆಂಡಿನವರಿಗೆ ಹೆಸರು, ಆಫೀಸು ಎರಡೂ ಬೇರೆ, ಅಲ್ಲಿ ಅದು ಪೆನ್ಷನ್ ಏಜ್ ಡಿಸೆಬಿಲಿಟಿ ಪೇಮೆಂಟ್.

ಇಷ್ಟಾದರೂ ಇಲ್ಲ ಅಂದರೆ ಬಿಟ್ಟುಬಿಡಬೇಡ. ಒಂದು ತಿಂಗಳೊಳಗೆ ಮತ್ತೆ ನೋಡಿ ಅಂತ ಕೇಳಬಹುದು, ಆಗಲೂ ಆಗದಿದ್ದರೆ ಟ್ರಿಬ್ಯುನಲ್ ಇದೆ. ಆಂ, ಇನ್ನೊಂದು ಮರೆತಿದ್ದೆ. ನೀನು ಕೆಲಸದಲ್ಲಿದ್ದೀಯಲ್ಲ, 2024ರ ಏಪ್ರಿಲ್‌ನಿಂದ ವರ್ಷಕ್ಕೆ ಒಂದು ವಾರ ಕೇರರ್ಸ್ ಲೀವ್ ಕೇಳುವ ಹಕ್ಕಿದೆ. ಸಂಬಳ ಇಲ್ಲ, ಆದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ನಿನ್ನ ವಾರ್ಷಿಕ ರಜೆ ಉಳಿಯುತ್ತದೆ.

ನಾಳೆ ಬೆಳಗ್ಗೆ ಫೋನ್ ಮಾಡು, ದಿನಾಂಕ ಬರೆದಿಟ್ಟುಕೋ. ಫಾರಂ ಬಂದ ಮೇಲೆ ಚಿಕ್ಕಮ್ಮನ ಮಾತ್ರೆಗಳ ಪಟ್ಟಿ, ಆಸ್ಪತ್ರೆಯ ಕಾಗದ, ಆ ನೋಟ್‌ಬುಕ್ ಮೂರನ್ನೂ ಒಂದು ಕಡೆ ಇಡು. ಭಾನುವಾರ ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಕೂತು ತುಂಬೋಣ. ಚಿಕ್ಕಮ್ಮ ಮಲಗಿರುವಾಗ ಮಾಡು, ಇಲ್ಲದಿದ್ದರೆ ಪ್ರತಿ ಸಾಲಿಗೂ ನಮ್ಮಿಬ್ಬರಿಗೂ ಬೈಗುಳ ಗ್ಯಾರಂಟಿ. ಸಹಿ ಮಾಡುವ ಮೊದಲು ಮಾತ್ರ ಎಲ್ಲಾ ಓದಿ ಹೇಳು. ಅರ್ಜಿ ಅವರದ್ದು, ಒಳಗೇನಿದೆ ಅಂತ ಅವರಿಗೆ ಗೊತ್ತಿರಬೇಕು.