ಅಲಾಸ್ಕದ ಕರಡಿ ಸೀಮೆಗೆ ಯಾವ ಕೈಬಂದೂಕು? ಬಲ್ಲವರು ಹೇಳಿ

ಪ್ರಶ್ನೆ
ಆಗಸ್ಟ್‌ನಲ್ಲಿ ಸಿಯಾಟಲ್‌ನಿಂದ ಅಲಾಸ್ಕದ ಕೀನಾಯ್ ಕಡೆ ಹೊರಟಿದ್ದೇವೆ. ರಷ್ಯನ್ ನದಿಯಲ್ಲಿ ಎರಡು ದಿನ ಸಾಮನ್ ಮೀನು ಹಿಡಿಯೋದು, ಆಮೇಲೆ ರಿಸರೆಕ್ಷನ್ ಪಾಸ್ ಜಾಡಿನಲ್ಲಿ 39 ಮೈಲಿ ನಡಿಗೆ. ನನಗೆ ಗ್ರೀನ್ ಕಾರ್ಡ್ ಇದೆ, ಜೊತೆಗೆ ಬರುವ ಗೆಳೆಯ ಎಚ್-1ಬಿ ಕೆಲಸದ ವೀಸಾ ಮೇಲಿದ್ದಾನೆ. ರೇಂಜಿನಲ್ಲಿ 9 ಎಂಎಂ ಹೊಡೆದು ಅಭ್ಯಾಸವಿದೆ, ಅಷ್ಟೇ. .44 ಮ್ಯಾಗ್ನಮ್ ರಿವಾಲ್ವರೇ ಬೇಕು ಅಂತ ಒಬ್ಬರು, 10 ಎಂಎಂ ಪಿಸ್ತೂಲು ಸಾಕು ಅಂತ ಇನ್ನೊಬ್ಬರು. ಯಾವುದು ತಗೊಳ್ಳಲಿ?

ಉತ್ತರ 1
ಯಾವ ಬಂದೂಕು ಅನ್ನೋದಕ್ಕಿಂತ ಮೊದಲು ಯಾರ ಕೈಯಲ್ಲಿ ಅನ್ನೋದು ಇತ್ಯರ್ಥ ಆಗಬೇಕು. ಗ್ರೀನ್ ಕಾರ್ಡ್ ಇರುವ ನೀವು ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾದವರಿಗೆ ಅಮೆರಿಕದ ಫೆಡರಲ್ ಕಾನೂನು ಬಂದೂಕನ್ನಷ್ಟೇ ಅಲ್ಲ, ಒಂದು ತೋಟಾವನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಮುಖ್ಯ ವಿನಾಯಿತಿ ಅಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿಲ್ಲದೆ "ಸ್ವಲ್ಪ ಹೊತ್ತು ಹಿಡ್ಕೋ" ಅಂತ ಗೆಳೆಯನ ಕೈಗೆ ಕೊಟ್ಟರೂ ಅಪರಾಧವೇ. 15 ವರ್ಷದವರೆಗೆ ಶಿಕ್ಷೆ, ಮೇಲೆ ಗಡೀಪಾರಿನ ಭಯ. ಪರವಾನಗಿ ಮಾಡಿಸುವ ಯೋಚನೆಯಿದ್ದರೂ ವಲಸೆ ವಕೀಲರನ್ನು ಒಮ್ಮೆ ಕೇಳದೆ ಮುಂದುವರಿಯಬೇಡಿ. ಇಲ್ಲವಾದರೆ ಅವನ ಕೈಯಲ್ಲಿ ಕರಡಿ ಓಡಿಸುವ ಖಾರದ ಸ್ಪ್ರೇ ಮಾತ್ರ ಇರಲಿ.

ಇನ್ನು ವಾಷಿಂಗ್ಟನ್ ರಾಜ್ಯದಲ್ಲಿ ಕೊಳ್ಳುವುದಾದರೆ ಕಳೆದ 5 ವರ್ಷದೊಳಗೆ ಸುರಕ್ಷತಾ ತರಬೇತಿ ಆಗಿರಬೇಕು, ಹಣ ಕಟ್ಟಿದ ಮೇಲೂ 10 ಕೆಲಸದ ದಿನ ಕಾಯಬೇಕು. ಅಲ್ಲಿ 10 ತೋಟಾಕ್ಕಿಂತ ದೊಡ್ಡ ಮ್ಯಾಗಜೀನ್ ಮಾರುವಂತಿಲ್ಲ, ಹೊರಗಿನಿಂದ ತರುವಂತೆಯೂ ಇಲ್ಲ. ಹೊರಡುವ ಹಿಂದಿನ ವಾರ ಅಂಗಡಿಗೆ ಹೋದರೆ ಕೆಲಸ ಆಗೋದಿಲ್ಲ. ಜೂನ್ ಒಳಗೆ ಕೊಂಡಿರಿ, ಅಭ್ಯಾಸಕ್ಕೆ ಎರಡು ತಿಂಗಳು ಬೇಕೇ ಬೇಕು.

ಉತ್ತರ 2
ನಾನು 10 ಎಂಎಂ ಕಡೆ. ನಿಮಗೆ 9 ಎಂಎಂ ಪಿಸ್ತೂಲಿನ ಅಭ್ಯಾಸ ಇರೋದರಿಂದ ಗ್ಲಾಕ್ 20 ಅನ್ನುವ 10 ಎಂಎಂ ಪಿಸ್ತೂಲು ಕೈಗೆ ಬೇಗ ಹೊಂದುತ್ತೆ. ಖಾಲಿ ಇದ್ದಾಗ 870 ಗ್ರಾಂ ಆಸುಪಾಸು. ಹಿಡಿ ದಪ್ಪ, ಕೈ ಸಣ್ಣದಿದ್ದರೆ ಅಂಗಡಿಯಲ್ಲೇ ಹಿಡಿದು ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುತ್ತಾ ನೋಡಿ.

ಕ್ಯಾಲಿಬರ್‌ಗಿಂತ ಗುಂಡಿನ ಜಾತಿ ದೊಡ್ಡದು. ಮನುಷ್ಯರಿಂದ ರಕ್ಷಣೆಗೆ ಮಾಡಿದ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ) ಗುಂಡು ಮೈಗೆ ಹೊಕ್ಕ ಕೂಡಲೇ ಅರಳಿ ನಿಲ್ಲುತ್ತೆ. ಕರಡಿಯ ಕೊಬ್ಬು, ಸ್ನಾಯು, ಭುಜದ ಮೂಳೆ ದಾಟಿ ಒಳಗೆ ಹೋಗಬೇಕಾದರೆ ಅರಳದ ಗುಂಡು ಬೇಕು: ಮೂತಿ ಚಪ್ಪಟೆ ಇರುವ ಗಟ್ಟಿ ಎರಕದ ಸೀಸ, 200ರಿಂದ 220 ಗ್ರೇನ್ (ಸುಮಾರು 13-14 ಗ್ರಾಂ) ತೂಕ, ಸೆಕೆಂಡಿಗೆ 1,200 ಅಡಿ ವೇಗದ್ದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 180 ಗ್ರೇನ್ 10 ಎಂಎಂ ತೋಟಾಗಳಲ್ಲಿ ಎಷ್ಟೋ .40 ಎಸ್ ಆಂಡ್ ಡಬ್ಲ್ಯೂ ಅನ್ನುವ ಕಡಿಮೆ ಬಲದ ತೋಟಾದ ಮಟ್ಟಕ್ಕೇ ಇಳಿಸಿದವು. ಗುರಿ ಅಭ್ಯಾಸಕ್ಕೆ ಸರಿ, ಕಾಡಿಗಲ್ಲ.

ಆದರೆ ಗ್ಲಾಕ್‌ನ ಮೂಲ ಬ್ಯಾರಲ್‌ನಲ್ಲಿ ಲೇಪನವಿಲ್ಲದ ಸೀಸದ ಗುಂಡು ಹೊಡೆಯಬೇಡಿ ಅಂತ ಕಂಪನಿಯೇ ಹೇಳುತ್ತೆ. ಬ್ಯಾರಲ್ ಒಳಗೆ ಸೀಸ ಮೆತ್ತಿಕೊಂಡು ಒತ್ತಡ ಏರುತ್ತೆ. ಲೇಪನ ಇರುವ ಗುಂಡು ಆರಿಸಿ, ಇಲ್ಲವೇ ಸಾಮಾನ್ಯ ರೈಫ್ಲಿಂಗ್ (ಒಳಗಿನ ಸುರುಳಿ ಗೆರೆ) ಇರುವ ಬೇರೆ ಬ್ಯಾರಲ್ ಹಾಕಿಸಿ. ವಾಷಿಂಗ್ಟನ್‌ನಲ್ಲಿ ಇರೋದರಿಂದ ತುದಿಯಲ್ಲಿ ತಿರುಪಿನ ಗೆರೆ (ಥ್ರೆಡ್) ಇರುವ ಬ್ಯಾರಲ್ ಮಾತ್ರ ತರಿಸಬೇಡಿ, ಅದು ಅಲ್ಲಿಯ 2023ರ ಅಸಾಲ್ಟ್ ಬಂದೂಕು ನಿಷೇಧದೊಳಗೆ ಬರುತ್ತೆ. ಬ್ಯಾರಲ್ ಬದಲಿಸಿದ ಮೇಲೆ ಪ್ರತಿ ಮ್ಯಾಗಜೀನಿನಿಂದಲೂ ಕಾಡಿನ ತೋಟಾವನ್ನೇ ಹಾಕಿ ಕನಿಷ್ಠ 50 ಹೊಡೆದು ನೋಡಿ. ಚಪ್ಪಟೆ ಮೂತಿ ಚೇಂಬರಿನ ಬಾಯಲ್ಲಿ ತಡೆಯೋದುಂಟು. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ) ಪೂರ್ತಿ ಹಿಂದೆ ಹೋಗದೆ ಸಿಕ್ಕಿಕೊಳ್ಳುತ್ತೆ. ಒಂದೇ ಕೈಯಲ್ಲಿ, ಎಡಗೈಯಲ್ಲಿ, ಕೈಗವಸು ಹಾಕಿಕೊಂಡು, ಹೀಗೆ ಮೂರೂ ಥರ ಹೊಡೆದು ನೋಡಬೇಕು.

ಉತ್ತರ 3
ಮೇಲಿನವರ ಮಾತು ಒಪ್ಪುವೆ, ಆದರೆ ರಿವಾಲ್ವರಿನ ಒಂದು ಗುಣ ಬಿಟ್ಟುಹೋಗಿದೆ. ಕರಡಿ ಮೈಮೇಲೆ ಬಿದ್ದಾಗ ಪಿಸ್ತೂಲಿನ ಮೂತಿ ಅದರ ಮೈಗೆ ಒತ್ತಿದರೆ ಸ್ಲೈಡ್ ಹಿಂದೆ ಸರಿದು ಬಂದೂಕು ಹಾರದೇ ಇರಬಹುದು. ರಿವಾಲ್ವರಿಗೆ ಆ ತೊಂದರೆ ಇಲ್ಲ, ಒತ್ತಿ ಹಿಡಿದೇ ಆರೂ ಹೊಡೆಯಬಹುದು.

.44 ತಗೊಳ್ಳೋದಾದರೆ ತೂಕ ಇರುವುದನ್ನೇ ತಗೊಳ್ಳಿ. ಸ್ಮಿತ್ ಆಂಡ್ ವೆಸನ್ 629, 4 ಇಂಚಿನ ಬ್ಯಾರಲ್, ಸುಮಾರು 1.2 ಕಿಲೋ. ರೂಗರ್ ಸೂಪರ್ ರೆಡ್‌ಹಾಕ್ ಅಲಾಸ್ಕನ್ ಕೂಡ ಹೆಚ್ಚುಕಮ್ಮಿ ಅಷ್ಟೇ ತೂಗುತ್ತೆ, ಎರಡೂವರೆ ಇಂಚಿನ ಬ್ಯಾರಲ್ ಆದ್ದರಿಂದ ಸದ್ದು ಮತ್ತು ಬೆಂಕಿ ಜಾಸ್ತಿ. ಸ್ಮಿತ್ ಆಂಡ್ ವೆಸನ್‌ದೇ 329ಪಿಡಿ ಬರೀ 700 ಗ್ರಾಂ ಚಿಲ್ಲರೆ, ಹೊರಲು ಸುಖ, ಹೊಡೆಯಲು ಶಿಕ್ಷೆ. ಮೊದಲ ಗುಂಡಿನ ಒದೆತಕ್ಕೆ ಹೆದರಿದ ಕೈ ಎರಡನೆಯದನ್ನು ನೆಲಕ್ಕೆ ಹೊಡೆಯುತ್ತೆ.

ಹಗುರ ರಿವಾಲ್ವರಿಗೆ ಇನ್ನೊಂದು ಕಾಯಿಲೆ ಇದೆ. ಒದೆತದ ಜೋರಿಗೆ ಇನ್ನೂ ಹೊಡೆಯದ ತೋಟಾಗಳಲ್ಲಿ ಗುಂಡು ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿಯುತ್ತೆ. ಸಿಲಿಂಡರಿನ ಮುಂಬದಿಯಿಂದ ಕೂದಲೆಳೆಯಷ್ಟು ಹೊರಗೆ ಬಂದರೂ ಸಾಕು, ಫ್ರೇಮಿಗೆ ತಾಗಿ ಸಿಲಿಂಡರ್ ತಿರುಗದೆ ನಿಲ್ಲುತ್ತೆ. ಆಗ ಟ್ರಿಗರ್ ಎಷ್ಟು ಎಳೆದರೂ ಅಲ್ಲಾಡೋದಿಲ್ಲ. ಪರೀಕ್ಷೆ ಸುಲಭ: ಒಂದು ತೋಟಾಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಕ್ಯಾಲಿಪರ್‌ನಲ್ಲಿ ಉದ್ದ ಅಳೆಯಿರಿ, ಉಳಿದ ಐದನ್ನೂ ಹೊಡೆಯಿರಿ, ಗುರುತಿನದ್ದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ಆ ಬಂದೂಕಿಗೆ ಆಗಿಬರೋದಿಲ್ಲ.

ಇಷ್ಟೆಲ್ಲ ಹೇಳಿಯೂ, ನಿಮಗಿರುವ ಎರಡು ತಿಂಗಳಲ್ಲಿ .44ನ್ನು ಡಬಲ್ ಆಕ್ಷನ್ನಿನಲ್ಲಿ (ಪ್ರತಿ ಸಲ ಟ್ರಿಗರ್ ಪೂರ್ತಿ ಎಳೆದು) ವೇಗವಾಗಿ ಹೊಡೆಯಲು ಕಲಿಯೋದು ಕಷ್ಟ. 10 ಎಂಎಂಗೇ ನನ್ನ ಮತವೂ.

ಉತ್ತರ 4
ಕರಡಿ ಗಂಟೆಗೆ 56 ಕಿಲೋಮೀಟರ್‌ವರೆಗೆ ಓಡುತ್ತದೆ, ಅಂದರೆ 30 ಮೀಟರಿಗೆ ಎರಡು ಸೆಕೆಂಡ್. ಬೆನ್ನುಚೀಲದ ಸೊಂಟಪಟ್ಟಿಯ ಅಡಿಯಲ್ಲೋ ಚೀಲದ ಒಳಗೋ ಇರುವ ಬಂದೂಕು ಇಲ್ಲದ್ದಕ್ಕೆ ಸಮ. ಎದೆಯ ಮೇಲೆ ಕೂರುವ ಹೋಲ್ಸ್ಟರ್ (ಬಂದೂಕಿನ ಒರೆ) ತೆಗೆದುಕೊಳ್ಳಿ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಕೈಡೆಕ್ಸ್ ಪ್ಲಾಸ್ಟಿಕ್‌ನದು. ಮೊದಲು ಹೋಲ್ಸ್ಟರ್, ಅದರ ಮೇಲೆ ಚೀಲ. ಚೀಲದ ಎದೆಪಟ್ಟಿ ಹಿಡಿಗೆ ಅಡ್ಡ ಬರುತ್ತಾ ಅಂತ ಮನೆಯಲ್ಲೇ ಮಳೆಯಂಗಿ ಸಮೇತ ಹಾಕಿ ನೋಡಿ. ಚೀಲ ಇಳಿಸಿದಾಗಲೂ, ನೀರಿನಲ್ಲಿ ನಿಂತು ಮೀನು ಹಿಡಿಯುವಾಗಲೂ ಅದು ಮೈಮೇಲೇ ಇರಬೇಕು.

ಅಭ್ಯಾಸಕ್ಕೆ 15 ಸೆಂಟಿಮೀಟರಿನ ಕಾಗದದ ತಟ್ಟೆ, 7 ಗಜ ದೂರ, ಟೈಮರ್. ಬೀಪ್ ಆದ ಎರಡು ಸೆಕೆಂಡಿನೊಳಗೆ ಹೋಲ್ಸ್ಟರಿನಿಂದ ತೆಗೆದು ಮೊದಲ ಗುಂಡು ತಟ್ಟೆಗೆ, ಬೆನ್ನಿಗೇ ಇನ್ನೆರಡು. ಖಾಲಿ ಬಂದೂಕಿನಲ್ಲಿ ದಿನಾ 20 ಸಲ ಎಳೆದು ಗುರಿ ಹಿಡಿಯಿರಿ, ತೋಟಾ ಬೇರೆ ಕೋಣೆಯಲ್ಲಿರಲಿ.

ಎದುರಿಗೆ ನುಗ್ಗುವ ಕರಡಿ ತಲೆ ತಗ್ಗಿಸಿಕೊಂಡು ಬರುತ್ತದೆ. ಕಣ್ಣಿನ ಮೇಲಕ್ಕೆ ಹೊಡೆದರೆ ಗುಂಡು ತಲೆಬುರುಡೆಯ ಇಳಿಜಾರಿನಲ್ಲಿ ಜಾರಬಹುದು, ಇಲ್ಲವೇ ಹಿಂದಿನ ಡುಬ್ಬದ ಮಾಂಸಕ್ಕೆ ಹೋಗಬಹುದು. ಎರಡು ಕಣ್ಣು ಮತ್ತು ಮೂಗಿನ ತುದಿ ಸೇರಿದ ತ್ರಿಕೋನಕ್ಕೆ ಹೊಡೆಯಿರಿ, ಬೀಳುವವರೆಗೂ ನಿಲ್ಲಿಸಬೇಡಿ.

ಕೇಳಿದವರು ಮತ್ತೆ
ಬಹಳ ಉಪಕಾರವಾಯಿತು. ಹಾಗಾದರೆ ಬಂದೂಕು ಇದ್ದ ಮೇಲೂ ಸ್ಪ್ರೇ ಬೇಕಾ? ವಿಮಾನದಲ್ಲಿ ಒಯ್ಯೋದು ಹೇಗೆ?

ಉತ್ತರ 5
ಬೇಕು, ಇಬ್ಬರಿಗೂ ಒಂದೊಂದು, ಅದೇ ಮೊದಲು ಕೈಗೆ ಬರಬೇಕಾದ್ದು. ಕರಡಿ ಸಂಶೋಧಕರಾದ ಟಾಮ್ ಸ್ಮಿತ್ ಮತ್ತು ಸ್ಟೀಫನ್ ಹೆರೆರೊ ತಂಡ ಅಲಾಸ್ಕದ ಘಟನೆಗಳನ್ನು ಕೂಡಿಹಾಕಿ ನೋಡಿದಾಗ ಕಂದು ಕರಡಿಗಳ ಮೇಲೆ ಸ್ಪ್ರೇ 92 ಪ್ರತಿಶತ ಸಲ ಕೆಲಸ ಮಾಡಿತ್ತು (2008). ಕೈಬಂದೂಕಿನ ಲೆಕ್ಕ 84 ಪ್ರತಿಶತ (2012). ಎರಡೂ ಬೇರೆ ಬೇರೆ ಥರದ ಘಟನೆಗಳು, ನೇರ ತಕ್ಕಡಿಗೆ ಹಾಕಬಾರದು. ಆದರೂ ನಡುಗುವ ಕೈಯಿಂದ ತಟ್ಟೆಯಗಲದ ಗುರಿಗೆ ಗುಂಡು ಹೊಡೆಯೋದಕ್ಕಿಂತ ದಾರಿಗೆ ಅಡ್ಡ ಖಾರದ ಮೋಡ ನಿಲ್ಲಿಸೋದು ಸುಲಭ, ಕರಡಿಯ ಜೀವವೂ ಉಳಿಯುತ್ತೆ.

ಕರಡಿ 10 ಮೀಟರ್ ಆಚೆ ಇರುವಾಗಲೇ, ಸ್ವಲ್ಪ ಕೆಳಮುಖವಾಗಿ, ಅದರ ಮುಂದಿನ ನೆಲದ ಕಡೆ ಒತ್ತಿ. ಡಬ್ಬಿಯ ಆಯಸ್ಸು ಸುಮಾರು 4 ವರ್ಷ, ತಾರೀಖು ನೋಡಿ. ಟೆಂಟಿಗೆ, ಬಟ್ಟೆಗೆ ಸಿಂಪಡಿಸಬಾರದು, ಒಣಗಿದ ವಾಸನೆ ಕರಡಿಯನ್ನು ಕರೆಯುತ್ತೆ.

ಸ್ಪ್ರೇ ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಚೆಕ್-ಇನ್‌ಗೂ ಇಲ್ಲ. ಆಂಕರೇಜ್‌ನಲ್ಲಿ ಇಳಿದ ಮೇಲೆ ಕೊಳ್ಳಿ. ಬಂದೂಕು ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕೌಂಟರಿನಲ್ಲಿ ಹೇಳಿ ಚೆಕ್-ಇನ್ ಮಾಡಬೇಕು. ತೋಟಾ ಅದರ ಡಬ್ಬಿಯಲ್ಲೇ ಇರಲಿ, ಹೆಚ್ಚಿನ ವಿಮಾನ ಸಂಸ್ಥೆಗಳಲ್ಲಿ ಮಿತಿ 5 ಕಿಲೋ. ಕಾರಿನಲ್ಲಿ ಕೆನಡಾ ದಾಟಿ ಹೋಗುವ ಆಲೋಚನೆ ಇದ್ದರೆ ಕೈಬಂದೂಕು ಮನೆಯಲ್ಲೇ ಬಿಡಿ, ಕರಡಿ ರಕ್ಷಣೆಗೆಂದು ಅಲ್ಲಿ ಬಿಡುವುದಿಲ್ಲ.

ಉತ್ತರ 1ರವರು ಸೇರಿಸಿದ್ದು
ಅಲಾಸ್ಕದಲ್ಲಿ 21 ತುಂಬಿದವರಿಗೆ ಬಂದೂಕು ಮರೆಯಲ್ಲಿಟ್ಟು ಒಯ್ಯಲು ಪರ್ಮಿಟ್ ಬೇಡ, ಆದರೆ ಪೊಲೀಸರು ಮಾತಾಡಿಸಿದ ಕೂಡಲೇ ನೀವೇ ಹೇಳಬೇಕು. ಜೀವ ಉಳಿಸಿಕೊಳ್ಳಲು ಕರಡಿಯನ್ನು ಕೊಲ್ಲಬೇಕಾಗಿ ಬಂದರೆ ಬಿಟ್ಟು ಬರುವಂತಿಲ್ಲ. ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆಯೊಂದಿಗೆ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಗೆ ಒಪ್ಪಿಸಬೇಕು, ತಕ್ಷಣ ತಿಳಿಸಬೇಕು, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಊಟ, ಕಸ ಹೊರಗೆ ಬಿಟ್ಟು ಕರಡಿಯನ್ನು ನೀವೇ ಕರೆಸಿಕೊಂಡಿದ್ದರೆ ಆತ್ಮರಕ್ಷಣೆಯ ಮಾತು ನಿಲ್ಲುವುದಿಲ್ಲ. ಆದ್ದರಿಂದ ಚೀಲಕ್ಕೆ ಒಂದು ಹರಿತ ಚಾಕು, ಊಟ ಇಡಲು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿ. ಮೀನು ಸೀಳಿದ ಮೇಲೆ ಉಳಿದ ಮುಳ್ಳು, ತಲೆಯನ್ನು ಸಣ್ಣಗೆ ಕೊಚ್ಚಿ ರಭಸವಾಗಿ ಹರಿಯುವ ಆಳದ ನೀರಿಗೆ ಎಸೆಯಿರಿ, ದಡದಲ್ಲಿ ಬಿಡಬೇಡಿ.